ಅನುರಣನೆ ಸಿಕ್ಕಿತು ಅನ್ನುವ ಮೊದಲು ನಿಸ್ಪಂದ ಎಣಿಸಿ: ದಾರ, ತಂಬೂರಿ, ಪಿವಿಸಿ ಪೈಪು, ತಮಟೆಯಲ್ಲಿ ಮಾಡಿ ನೋಡುವ ಕ್ರಮ

ಕೊಳವೆಯ ಬಾಯಿಗೆ ಶ್ರುತಿಕವೆ (ಟ್ಯೂನಿಂಗ್ ಫೋರ್ಕ್) ಹಿಡಿದು ನೀರಿನ ಮಟ್ಟ ಇಳಿಸುತ್ತಾ ಹೋಗುವುದು, ಸದ್ದು ಜೋರಾದ ಕೂಡಲೇ ಅಳತೆ ಬರೆದುಕೊಳ್ಳುವುದು ಪಿಯುಸಿ ಲ್ಯಾಬಿನ ವಾಡಿಕೆ. ಸದ್ದು ಜೋರಾದದ್ದು ನಿಜ. ಆದರೆ ಅದು ಎಷ್ಟನೆಯ ಅನುರಣನೆ? ಒಂದು ದಾರಕ್ಕೋ ಕೊಳವೆಗೋ ಅನುರಣನೆ ಒಂದೇ ಅಲ್ಲ, ಸಾಲು ಸಾಲಾಗಿ ಇರುತ್ತದೆ. ಆ ಸಾಲಿನಲ್ಲಿ ಯಾವ ಮೆಟ್ಟಿಲ ಮೇಲೆ ನಿಂತಿದ್ದೇವೆ ಎಂದು ಕಿವಿ ಹೇಳುವುದಿಲ್ಲ, ನಿಸ್ಪಂದಗಳು, ಅಂದರೆ ಕಂಪನದ ನಡುವೆಯೂ ಅಲುಗದೆ ನಿಲ್ಲುವ ಜಾಗಗಳು, ಹೇಳುತ್ತವೆ. ಅವನ್ನು ಕಣ್ಣಿನಿಂದ, ಬೆರಳಿನಿಂದ ಹುಡುಕುವ ಕ್ರಮವನ್ನು ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಯ ಪೇಟೆಯಲ್ಲಿ ಸಿಗುವ ಸಾಮಾನಿನಿಂದಲೇ ಮಾಡುವ ಹಾಗೆ ಇಲ್ಲಿ ಬರೆದಿದೆ. ಹೈಸ್ಕೂಲು, ಪಿಯು ಶಿಕ್ಷಕರನ್ನೂ ಅವರ ವಿದ್ಯಾರ್ಥಿಗಳನ್ನೂ ಮನಸ್ಸಿನಲ್ಲಿಟ್ಟುಕೊಂಡದ್ದು.

ಶುರು ಮಾಡುವ ಮುಂಚೆ ಇಷ್ಟು ತಿಳಿದಿದ್ದರೆ ಸಾಕು. ದಾರದ ಒಂದು ತುದಿ ಅಲುಗಾಡಿಸಿದರೆ ಅಲೆ ಓಡಿ ಇನ್ನೊಂದು ತುದಿಗೆ ಬಡಿದು ವಾಪಸು ಬರುತ್ತದೆ. ವಾಪಸು ಬಂದ ಅಲೆ ನಮ್ಮ ಮುಂದಿನ ತಳ್ಳುವಿಕೆಗೆ ಸರಿಯಾಗಿ ಜೊತೆಗೂಡಿದರೆ ಕಂಪನ ಬೆಳೆಯುತ್ತಾ ಹೋಗುತ್ತದೆ, ಅದೇ ಅನುರಣನೆ. ಎರಡೂ ತುದಿ ಕಟ್ಟಿದ ದಾರದಲ್ಲಿ ತುದಿಗಳು ಅಲುಗುವಂತಿಲ್ಲ, ಹಾಗಾಗಿ ಅವೆರಡೂ ನಿಸ್ಪಂದಗಳಾಗಲೇಬೇಕು. ಅವುಗಳ ನಡುವೆ ಅರ್ಧ ಅಲೆಗಳು ಪೂರ್ಣಸಂಖ್ಯೆಯಲ್ಲಿ ಮಾತ್ರ ಕೂರುತ್ತವೆ: ಒಂದು, ಎರಡು, ಮೂರು. ಅದಕ್ಕೆ ತಕ್ಕ ಆವೃತ್ತಿಗಳು (ಸೆಕೆಂಡಿಗೆ ಎಷ್ಟು ಕಂಪನ ಎಂಬ ಎಣಿಕೆ) ಮೂಲ ಆವೃತ್ತಿಯ ಒಂದು ಪಟ್ಟು, ಎರಡು ಪಟ್ಟು, ಮೂರು ಪಟ್ಟು. ಇವೇ ಹಾರ್ಮೋನಿಕ್‌ಗಳು. ಮೂರನೆಯ ಹಾರ್ಮೋನಿಕ್ ಎಂದರೆ ಮೂರು ಉಬ್ಬು, ತುದಿಗಳೆರಡನ್ನೂ ಸೇರಿಸಿ ನಾಲ್ಕು ನಿಸ್ಪಂದ. ಉಬ್ಬಿನ ನಡುಭಾಗ, ಅಂದರೆ ಅತಿ ಹೆಚ್ಚು ಆಡುವ ಜಾಗ, ಪ್ರಸ್ಪಂದ.

ಹೂ ಕಟ್ಟುವ ದಾರದಲ್ಲಿ

ಬೇಕಾದದ್ದು: ಹೂ ಕಟ್ಟುವ ಹತ್ತಿ ದಾರ, 4 ಇಂಚಿನ ಹಳೆಯ ಸ್ಪೀಕರ್, ಅದನ್ನು ನಡೆಸಲು ಚಿಕ್ಕ ಆಂಪ್ಲಿಫೈಯರ್ ಬೋರ್ಡ್, ಟೋನ್ ಜನರೇಟರ್ ಆ್ಯಪ್ ಹಾಕಿದ ಫೋನು, ಎಳನೀರು ಕುಡಿಯುವ ಸ್ಟ್ರಾ, ಸಲೀಸಾಗಿ ತಿರುಗುವ ಸಣ್ಣ ರಾಟೆ, ದಿನಸಿ ಅಂಗಡಿಯ 50, 100, 200 ಗ್ರಾಂ ತೂಕದ ಬಟ್ಟುಗಳು.

1. ದಾರದ ತೂಕ ಹಿಡಿಯಿರಿ. ಒಂದು ಮೀಟರ್ ತೂಗಿದರೆ ತಪ್ಪು ಬರುತ್ತದೆ. 10 ಮೀಟರ್ ಅಳೆದು ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ, ಹತ್ತರಿಂದ ಭಾಗಿಸಿ. ಹತ್ತು ಮೀಟರಿಗೆ 3 ಗ್ರಾಂ ಬಂತು ಎಂದಿಟ್ಟುಕೊಳ್ಳೋಣ, ಮೀಟರಿಗೆ 0.3 ಗ್ರಾಂ.

2. ಸ್ಪೀಕರನ್ನು ಮುಖ ಮೇಲೆ ಮಾಡಿ ಮೇಜಿನ ಮೇಲೆ ಅಂಟಿಸಿ. ಸ್ಟ್ರಾವನ್ನು 4 ಸೆಂ.ಮೀ. ಕತ್ತರಿಸಿ ಕೋನಿನ ನಡುವಿನ ಗುಬುಟಿನ ಮೇಲೆ ನೆಟ್ಟಗೆ ಅಂಟಿಸಿ, ಅದರ ಮೇಲ್ತುದಿಯಲ್ಲಿ ಬ್ಲೇಡಿನಿಂದ ಒಂದು ಸೀಳು ಮಾಡಿ.

3. ಸ್ಪೀಕರಿನ ಹಿಂದೆ 10 ಸೆಂ.ಮೀ. ದೂರದಲ್ಲಿ, ಸೀಳಿನಷ್ಟೇ ಎತ್ತರಕ್ಕೆ ಒಂದು ಮೊಳೆ ನಿಲ್ಲಿಸಿ. ದಾರವನ್ನು ಆ ಮೊಳೆಗೆ ಕಟ್ಟಿ, ಸ್ಟ್ರಾದ ಸೀಳಿನೊಳಗೆ ಹಾಯಿಸಿ, ಮೇಜಿನ ಅಂಚಿನ ರಾಟೆಯ ಮೇಲಿಂದ ಇಳಿಬಿಡಿ. ದಾರದ ಎಳೆತವನ್ನು ಮೊಳೆ ಹೊರಬೇಕು, ಕೋನು ಹೊರಬಾರದು. ದಾರವನ್ನು ನೇರ ಕೋನಿಗೇ ಕಟ್ಟಿದರೆ ಅದು ಪಕ್ಕಕ್ಕೆ ವಾಲುತ್ತದೆ, ಒಳಗಿನ ಸುರುಳಿ ಅಯಸ್ಕಾಂತಕ್ಕೆ ಉಜ್ಜಿ ಗರಗರ ಸದ್ದು ಬರುತ್ತದೆ, ನಾಲ್ಕು ದಿನದಲ್ಲಿ ಸ್ಪೀಕರ್ ಹಾಳು.

4. ಸ್ಟ್ರಾದಿಂದ ರಾಟೆಗೆ 120 ಸೆಂ.ಮೀ. ಇರಲಿ. ತುದಿಗೆ 100 ಮತ್ತು 50 ಗ್ರಾಂ ಬಟ್ಟುಗಳನ್ನು ಕಟ್ಟಿ.

ಈಗ ಲೆಕ್ಕ. 150 ಗ್ರಾಂ ತೂಗಿದರೆ ಬಿಗಿತ 1.47 ನ್ಯೂಟನ್. ಅದನ್ನು ಮೀಟರಿಗೆ 0.0003 ಕಿ.ಗ್ರಾಂ.ನಿಂದ ಭಾಗಿಸಿ ವರ್ಗಮೂಲ ತೆಗೆದರೆ ಅಲೆಯ ವೇಗ ಸೆಕೆಂಡಿಗೆ 70 ಮೀಟರ್. ಉದ್ದದ ಎರಡರಷ್ಟು, ಅಂದರೆ 2.4 ಮೀಟರಿನಿಂದ ಭಾಗಿಸಿದರೆ ಮೂಲ ಆವೃತ್ತಿ 29.2 ಹರ್ಟ್ಸ್. ಮುಂದಿನವು 58.3, 87.5, 116.7.

ಶಿಡ್ಲಘಟ್ಟದ ರೇಷ್ಮೆ ರೀಲರ್‌ಗಳ ಮನೆಯ ಮಕ್ಕಳಿಗೆ ಈ ಮೀಟರ್ ತೂಕ ಹೊಸದಲ್ಲ. ಅವರು ದಿನವೂ ಕೇಳುವ ಡೆನಿಯರ್ ಇದೇ: 9,000 ಮೀಟರ್ ನೂಲಿನ ಗ್ರಾಂ ತೂಕ. 20–22 ಡೆನಿಯರ್ ಕಚ್ಚಾ ರೇಷ್ಮೆಯ ಪಕ್ಕದಲ್ಲಿ ನಮ್ಮ ಹೂವಿನ ದಾರ 2,700 ಡೆನಿಯರ್. ತರಗತಿಯಲ್ಲಿ ಮೀಟರಿಗೆ ಇಷ್ಟು ಕಿಲೋಗ್ರಾಂ ಎಂಬ ಮಾನವನ್ನು ಬೋರ್ಡಿನ ಮೇಲೆ ಬರೆಯುವ ಮುಂಚೆ ಡೆನಿಯರ್‌ನಿಂದ ಶುರು ಮಾಡಿ, ಅರ್ಧ ಪಾಠ ಅಲ್ಲೇ ಮುಗಿಯುತ್ತದೆ.

5. ಆ್ಯಪಿನಲ್ಲಿ 50 ಹರ್ಟ್ಸ್‌ನಿಂದ ಶುರು ಮಾಡಿ ಅರ್ಧರ್ಧ ಹರ್ಟ್ಸ್ ಏರಿಸಿ. ಮೊದಲ ಹಾರ್ಮೋನಿಕ್‌ಗೆ ಮೊದಲೇ ಕೈ ಹಾಕಬೇಡಿ. 29 ಹರ್ಟ್ಸ್‌ನಲ್ಲಿ ಚಿಕ್ಕ ಸ್ಪೀಕರ್ ಒದ್ದಾಡುತ್ತದೆ, ಸದ್ದು ಏರಿಸಿದರೆ ಕೋನು ಟಪಟಪ ಬಡಿಯುತ್ತದೆ. 58ರ ಆಸುಪಾಸಿನಲ್ಲಿ ದಾರ ಎರಡು ಉಬ್ಬಾಗಿ ತೆರೆದುಕೊಳ್ಳುವುದು ಸ್ಪಷ್ಟವಾಗಿ ಕಾಣುತ್ತದೆ. ಹಿಂದೆ ಕಪ್ಪು ಬಟ್ಟೆ ಇಳಿಬಿಡಿ, ಪಕ್ಕದಿಂದ ಟಾರ್ಚ್ ಹಾಕಿ.

6. ಪ್ರತಿ ಉಬ್ಬಿನ ತುದಿಯ ನಿಸ್ಪಂದದ ಕೆಳಗೆ ಮೇಜಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ. 87.5ರಲ್ಲಿ ಗುರುತುಗಳ ನಡುವೆ 40 ಸೆಂ.ಮೀ. ಇರಬೇಕು.

ಇಲ್ಲಿ ಒಂದು ಕಡೆ ಎಲ್ಲರೂ ಎಡವುತ್ತಾರೆ. ಸ್ಟ್ರಾ ಇರುವ ತುದಿ ಪೂರಾ ನಿಸ್ಪಂದವಲ್ಲ, ಅದು ತುಸುವಾದರೂ ಆಡುತ್ತಿರುತ್ತದೆ. ನಿಜವಾದ ನಿಸ್ಪಂದ ಅದರಿಂದ ಸ್ವಲ್ಪ ಸರಿದಿರುತ್ತದೆ. ಆದ್ದರಿಂದ ಮೊದಲ ಉಬ್ಬನ್ನು ಲೆಕ್ಕಕ್ಕೆ ಹಿಡಿಯಬೇಡಿ, ಒಳಗಿನ ನಿಸ್ಪಂದದಿಂದ ನಿಸ್ಪಂದಕ್ಕೆ ಅಳೆಯಿರಿ. ಅದರ ಎರಡರಷ್ಟೇ ತರಂಗದೂರ, ಅಂದರೆ ಒಂದು ಪೂರ್ತಿ ಅಲೆಯ ಉದ್ದ.

ಪರೀಕ್ಷೆ ಬೆರಳಿನಿಂದ. ಮೂರು ಉಬ್ಬು ನಿಂತಿರುವಾಗ ಒಳಗಿನ ನಿಸ್ಪಂದವನ್ನು ಹತ್ತಿಯಷ್ಟು ಹಗುರವಾಗಿ ಮುಟ್ಟಿ: ಏನೂ ಆಗುವುದಿಲ್ಲ, ದಾರ ತನ್ನ ಪಾಡಿಗೆ ಆಡುತ್ತಿರುತ್ತದೆ. ಬೆರಳನ್ನು 20 ಸೆಂ.ಮೀ. ಸರಿಸಿ ಉಬ್ಬಿನ ನಡುವೆ ಮುಟ್ಟಿ: ಇಡೀ ದಾರ ಒಮ್ಮೆಗೇ ಸತ್ತು ನಿಲ್ಲುತ್ತದೆ. ನಿಸ್ಪಂದ ಎಂದರೇನು ಎಂದು ಇದಕ್ಕಿಂತ ಚೆನ್ನಾಗಿ ತಿಳಿಸುವ ದಾರಿ ಇನ್ನೊಂದಿಲ್ಲ. ಪ್ರತಿ ವಿದ್ಯಾರ್ಥಿಯೂ ತನ್ನ ಬೆರಳಿನಿಂದಲೇ ಮಾಡಲಿ.

ಆಮೇಲೆ ಆವೃತ್ತಿಯನ್ನು 58.3ರಲ್ಲೇ ಬಿಟ್ಟು ತೂಕ ಬದಲಾಯಿಸಿ. 600 ಗ್ರಾಂ ಕಟ್ಟಿದರೆ ಅದೇ ಸದ್ದಿಗೆ ಒಂದೇ ಉಬ್ಬು, 150ಕ್ಕೆ ಎರಡು, 67 ಗ್ರಾಂ ಹತ್ತಿರ ಮೂರು. ತೂಕ ನಾಲ್ಕು ಪಟ್ಟಾದರೆ ವೇಗ ಎರಡು ಪಟ್ಟು ಎನ್ನುವುದು ಕಣ್ಣಿಗೇ ಕಾಣುತ್ತದೆ.

ಕೆಟ್ಟರೆ ಎಲ್ಲಿ ಕೆಡುತ್ತದೆ? ಬಟ್ಟು ಗಿರಗಿರ ತಿರುಗಿದರೆ ದಾರದ ಹುರಿ ಬಿಚ್ಚುತ್ತಿದೆ ಎಂದರ್ಥ. ತೂಕ ಕಟ್ಟಿ ಹತ್ತು ನಿಮಿಷ ಬಿಟ್ಟು, ತಿರುಗುವುದು ನಿಂತ ಮೇಲೆ ಶುರು ಮಾಡಿ. ದಾರ ಮೇಲೆ ಕೆಳಗೆ ಆಡುವ ಬದಲು ಹಗ್ಗದಾಟದ ಹಗ್ಗದ ಹಾಗೆ ಸುತ್ತತೊಡಗಿದರೆ ಸದ್ದು ಹೆಚ್ಚಾಗಿದೆ, ಇಳಿಸಿ. ಏರುತ್ತಾ ಹೋದಾಗ 59ರಲ್ಲಿ, ಇಳಿಯುತ್ತಾ ಬಂದಾಗ 58ರಲ್ಲಿ ಉಬ್ಬು ದೊಡ್ಡದಾದರೂ ಕಾರಣ ಅದೇ: ಉಬ್ಬು ದೊಡ್ಡದಾದಷ್ಟೂ ದಾರ ಹಿಗ್ಗಿ ಬಿಗಿತ ಏರುತ್ತದೆ, ಅನುರಣನೆಯ ಜಾಗವೇ ಸರಿಯುತ್ತದೆ. ಚಿಕ್ಕ ಉಬ್ಬಿನಲ್ಲಿ ಅಳೆಯಿರಿ. ಲೆಕ್ಕಕ್ಕಿಂತ ಎರಡರಷ್ಟು ಆವೃತ್ತಿಗೆ ಅದೇ ಸಂಖ್ಯೆಯ ಉಬ್ಬು ಬಂದರೆ ಸ್ಪೀಕರನ್ನು ನೋಡಿ. ಅದು ದಾರದ ಉದ್ದಕ್ಕೇ ಮುಖ ಮಾಡಿ ದಾರವನ್ನು ಎಳೆದು ಬಿಡುತ್ತಿದ್ದರೆ, ದಾರ ಸ್ಪೀಕರಿನ ಅರ್ಧ ಆವೃತ್ತಿಯಲ್ಲಿ ಆಡುತ್ತದೆ. ಇದೂ ನಿಜವಾದ ಅನುರಣನೆಯೇ, ಆದರೆ ನಮ್ಮ ಲೆಕ್ಕ ಅದಕ್ಕೆ ಹೊಂದುವುದಿಲ್ಲ.

ತಂಬೂರಿಯ ಮೇಲೆ ಕಾಗದದ ತುಂಡು

ಭಜನಾ ಮಂದಿರದಲ್ಲಿ ಒಂದು ತಂಬೂರಿ ಸಿಕ್ಕರೆ ಮೇಲಿನದಕ್ಕಿಂತ ಸೊಗಸಾದ ಪ್ರಯೋಗ ಐದು ನಿಮಿಷದಲ್ಲಿ ಆಗುತ್ತದೆ. ಪ ಸ ಸ ಸ ಎಂದು ಶ್ರುತಿ ಮಾಡಿದ ತಂಬೂರಿಯನ್ನು ಮಲಗಿಸಿ. ಬಸ್ ಟಿಕೆಟಿನಂಥ ತೆಳು ಕಾಗದದಿಂದ 3 ಮಿ.ಮೀ. ಅಗಲ, 1 ಸೆಂ.ಮೀ. ಉದ್ದದ ತುಂಡುಗಳನ್ನು ಕತ್ತರಿಸಿ ನಡುವೆ ಮಡಚಿ. ಮಂದ್ರ ಷಡ್ಜದ (ಕೆಳಸ್ಥಾಯಿಯ ಸ, ಕೊನೆಯ ತಂತಿ) ತಂತಿಯ ಮೇಲೆ, ಕುದುರೆಯಿಂದ (ಬುರುಡೆಯ ಮೇಲೆ ತಂತಿ ಹೊರುವ ಪಟ್ಟಿ) ಮೇರುವಿನವರೆಗಿನ (ಮೇಲ್ತುದಿಯ ಆನಿಕೆ) ಉದ್ದದ ಕಾಲು, ಅರ್ಧ, ಮುಕ್ಕಾಲು ಭಾಗದಲ್ಲಿ ಒಂದೊಂದನ್ನು ಕೂರಿಸಿ. ಈಗ ಪಕ್ಕದ ಮಧ್ಯ ಷಡ್ಜದ ತಂತಿಯನ್ನು ಮೀಟಿ. ಮಂದ್ರದ ತಂತಿಯನ್ನು ಯಾರೂ ಮುಟ್ಟಿಲ್ಲ. ಆದರೂ ಕಾಲು, ಮುಕ್ಕಾಲಿನ ತುಂಡುಗಳು ಕುಣಿದು ಬೀಳುತ್ತವೆ, ಅರ್ಧದ ಮೇಲೆ ಕೂತದ್ದು ಅಲ್ಲಾಡುವುದೂ ಇಲ್ಲ.

ಮಂದ್ರ ಷಡ್ಜದ ಎರಡನೆಯ ಹಾರ್ಮೋನಿಕ್ ಎಂದರೆ ಮಧ್ಯ ಷಡ್ಜವೇ. ಆ ಆವೃತ್ತಿಗೆ ಮಂದ್ರದ ತಂತಿ ಎರಡು ಉಬ್ಬಾಗಿ ಆಡುತ್ತದೆ, ನಡುವೆ ನಿಸ್ಪಂದ. ತುಂಡು ಬೀಳದಿದ್ದರೆ ಶ್ರುತಿ ಕೂಡಿಲ್ಲ ಎಂದೇ ಅರ್ಥ. ಮಣಿಯನ್ನು ಕೂದಲೆಳೆಯಷ್ಟು ಸರಿಸಿ ಮತ್ತೆ ಮೀಟಿ. ಪಂಚಮದ ತಂತಿ ಮೀಟಿದರೆ ಏನಾಗುತ್ತದೆ ನೋಡಿ: ಪಂಚಮದ ಎರಡನೆಯದೂ ಮಂದ್ರ ಷಡ್ಜದ ಮೂರನೆಯದೂ ಒಂದೇ ಆವೃತ್ತಿ. ತುಂಡುಗಳನ್ನು ಮೂರನೇ ಒಂದು, ಮೂರನೇ ಎರಡು ಭಾಗದಲ್ಲಿ ಇಟ್ಟರೆ ಅವು ಕೂತೇ ಇರುತ್ತವೆ, ನಡುವಿನದು ನಡುಗುತ್ತದೆ. ಇದು ಮೊದಲಿನದಕ್ಕಿಂತ ಮೆಲ್ಲಗಿನದು, ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ ಮಾಡಿ.

ಐದನೆಯ ಹಾರ್ಮೋನಿಕ್ ಅಂತರ ಗಾಂಧಾರ. ಯಾವ ತಂತಿಯೂ ಗಾಂಧಾರಕ್ಕೆ ಇಲ್ಲದಿದ್ದರೂ ತಂಬೂರಿಯಲ್ಲಿ ಅದು ಕೇಳುವುದು ಇದರಿಂದ. ತಂತಿಯ ಐದನೇ ಒಂದು ಭಾಗದಲ್ಲಿ ಬೆರಳನ್ನು ಸೋಕಿಸಿ ತುದಿಯ ಹತ್ತಿರ ಮೀಟಿದರೆ ಅದು ಒಂಟಿಯಾಗಿ ಹೊರಬರುತ್ತದೆ.

ಪಠ್ಯದಲ್ಲಿ ಒಂದು ನಿಯಮ ಇದೆ: ತಂತಿಯನ್ನು ಯಾವ ಜಾಗದಲ್ಲಿ ಮೀಟುತ್ತೀರೋ ಆ ಜಾಗದಲ್ಲಿ ನಿಸ್ಪಂದ ಇರುವ ಹಾರ್ಮೋನಿಕ್‌ಗಳು ಹುಟ್ಟುವುದಿಲ್ಲ. ನಡುವೆ ಮೀಟಿದರೆ ಎರಡನೆಯದು, ನಾಲ್ಕನೆಯದು ಇರಬಾರದು. ಸಾಮಾನ್ಯ ತಂತಿಗೆ ಇದು ನಿಜ. ತಂಬೂರಿಗೆ ಅಲ್ಲ. ಸಿ.ವಿ. ರಾಮನ್ 1921ರಲ್ಲಿ ತಂಬೂರಿ ಮತ್ತು ವೀಣೆಯ ಬಗ್ಗೆ ಬರೆದಾಗ ಎತ್ತಿ ತೋರಿಸಿದ್ದು ಇದನ್ನೇ: ಅಗಲವಾದ ಬಾಗು ಕುದುರೆ, ಅದರ ಮೇಲೆ ತಂತಿಯಡಿ ಸೇರಿಸುವ ಹತ್ತಿ ಎಳೆ, ಇವುಗಳಿಂದಾಗಿ ತಂತಿ ಪ್ರತಿ ಕಂಪನದಲ್ಲೂ ಕುದುರೆಯನ್ನು ಸವರಿಕೊಂಡು ಹೋಗುತ್ತದೆ, ಇರಬಾರದ ಹಾರ್ಮೋನಿಕ್‌ಗಳೂ ಹುಟ್ಟಿಕೊಳ್ಳುತ್ತವೆ. ನೀವೇ ನೋಡಬಹುದು. ಹತ್ತಿ ಎಳೆ ಇದ್ದಾಗ ನಡುವೆ ಮೀಟಿ, ತೆಗೆದು ಮತ್ತೆ ನಡುವೆ ಮೀಟಿ, ಎರಡನ್ನೂ ಫೋನಿನ ಸ್ಪೆಕ್ಟ್ರಮ್ ಆ್ಯಪಿನಲ್ಲಿ ಪಕ್ಕಪಕ್ಕ ಇಟ್ಟು ನೋಡಿ.

ಪಿವಿಸಿ ಪೈಪಿನೊಳಗಿನ ಗಾಳಿ

ಡ್ರಿಪ್ ಸಾಮಾನಿನ ಅಂಗಡಿಯಿಂದ 40 ಮಿ.ಮೀ. ಪೈಪು 1 ಮೀಟರ್, 75 ಮಿ.ಮೀ. ಪೈಪು 1 ಮೀಟರ್, ಅದಕ್ಕೊಂದು ಎಂಡ್ ಕ್ಯಾಪ್ ತನ್ನಿ. ದಪ್ಪ ಪೈಪಿನ ಒಂದು ತುದಿಗೆ ಸಾಲ್ವೆಂಟ್ ಹಚ್ಚಿ ಕ್ಯಾಪ್ ಕೂರಿಸಿ, ಒಂದು ದಿನ ಒಣಗಲು ಬಿಡಿ. ಗೋಡೆಗೆ ಕಟ್ಟಿ ನಿಲ್ಲಿಸಿ ನೀರು ತುಂಬಿ. ಸಣ್ಣ ಪೈಪಿಗೆ ತುದಿಯಿಂದ ಸೆಂಟಿಮೀಟರ್ ಗೆರೆಗಳನ್ನು ಎಳೆದು ನೀರಿನೊಳಗೆ ಇಳಿಸಿ. ಅದನ್ನು ಮೇಲೆತ್ತಿದಷ್ಟೂ ಗಾಳಿಯ ಕಂಬ ಉದ್ದವಾಗುತ್ತದೆ.

ಇಲ್ಲಿ ನೀರಿನ ಮೇಲ್ಮೈ ನಿಸ್ಪಂದ, ತೆರೆದ ಬಾಯಿ ಪ್ರಸ್ಪಂದ. ಹಾಗಾಗಿ ಕಾಲು ಅಲೆ, ಮುಕ್ಕಾಲು, ಒಂದೂಕಾಲು, ಈ ಲೆಕ್ಕದಲ್ಲೇ ಕೂರುತ್ತದೆ. ಒಂದೇ ಉದ್ದದ ಕಂಬಕ್ಕೆ ಬೆಸ ಹಾರ್ಮೋನಿಕ್‌ಗಳು ಮಾತ್ರ. 25 ಡಿಗ್ರಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 346 ಮೀಟರ್. 512 ಹರ್ಟ್ಸ್ ಸದ್ದಿನ ತರಂಗದೂರ 67.6 ಸೆಂ.ಮೀ., ಕಾಲು ಭಾಗ 16.9. ಆದರೆ ಪೈಪಿನಲ್ಲಿ ಸಿಗುವುದು 15.8ರ ಹತ್ತಿರ. ಬಾಯಿಯ ಪ್ರಸ್ಪಂದ ಪೈಪಿನ ಅಂಚಿನಲ್ಲಿ ಅಲ್ಲ, ಅದರಿಂದ ಒಳವ್ಯಾಸದ 0.3ರಷ್ಟು ಹೊರಗಿದೆ. ಒಳವ್ಯಾಸ 36 ಮಿ.ಮೀ. ಇದ್ದರೆ 1.1 ಸೆಂ.ಮೀ. ಎರಡನೆಯ ಜಾಗ 49.6, ಮೂರನೆಯದು 83.4. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ 33.8, ಬಾಯಿಯ ತಪ್ಪು ತಾನಾಗಿ ಹೋಯಿತು. ವೇಗ ಬೇಕಿದ್ದರೆ ಈ ವ್ಯತ್ಯಾಸವನ್ನೇ ಬಳಸಿ: 2 × 512 × 0.338.

ಫೋನನ್ನು ಬಾಯಿಗೆ ಮುಚ್ಚಿದಂತೆ ಹಿಡಿಯಬೇಡಿ, 2 ಸೆಂ.ಮೀ. ಮೇಲಿರಲಿ. ನೀರಿನ ಉಷ್ಣತೆ ಅಲ್ಲ, ಪೈಪಿನೊಳಗಿನ ಗಾಳಿಯ ಉಷ್ಣತೆ ಬರೆದುಕೊಳ್ಳಿ, ಡಿಗ್ರಿಗೆ ವೇಗ 0.6 ಮೀಟರ್ ಬದಲಾಗುತ್ತದೆ. ನಂದಿಬೆಟ್ಟದ ಮೇಲೆ ಮಾಡಿದರೆ ಬೇರೆ ಉತ್ತರ ಬರುವುದು ಗಾಳಿ ತೆಳುವಾದ್ದರಿಂದ ಅಲ್ಲ, ಅಲ್ಲಿ ತಂಪಾದ್ದರಿಂದ. ಒತ್ತಡ ಕಡಿಮೆಯಾದಾಗ ಸಾಂದ್ರತೆಯೂ ಅದೇ ಪ್ರಮಾಣದಲ್ಲಿ ಕಡಿಮೆಯಾಗಿ ವೇಗ ಅಷ್ಟೇ ಉಳಿಯುತ್ತದೆ.

ದೊಡ್ಡ ಮೋಸ ಇರುವುದು 256 ಹರ್ಟ್ಸ್‌ನಲ್ಲಿ. ಅದಕ್ಕೆ ಮೊದಲ ಜಾಗ 32.7 ಸೆಂ.ಮೀ.ನಲ್ಲಿ ಬರಬೇಕು. ಆದರೆ 15.8ರಲ್ಲೇ ಸದ್ದು ಎದ್ದು, ಅದನ್ನೇ ಬರೆದುಕೊಂಡು, ವೇಗ ಅರ್ಧಕ್ಕರ್ಧ ಬಂದು ಕಂಗಾಲಾಗುವ ವಿದ್ಯಾರ್ಥಿಗಳು ಬಹಳ. ಫೋನಿನ ಪುಟ್ಟ ಸ್ಪೀಕರಿಗೆ 256ನ್ನು ಶುದ್ಧವಾಗಿ ಹೊರಡಿಸುವ ಶಕ್ತಿ ಇಲ್ಲ, ಜೊತೆಗೆ 512, 768ನ್ನೂ ಬೆರೆಸುತ್ತದೆ. 15.8ರಲ್ಲಿ ಎದ್ದದ್ದು ಆ ಬೆರಕೆಯ 512. ಕಿವಿಗೊಟ್ಟರೆ ಸ್ವರ ಒಂದು ಸ್ಥಾಯಿ ಮೇಲಿರುವುದು ತಿಳಿಯುತ್ತದೆ. 32.7ರಲ್ಲಾದರೆ 256ಕ್ಕೂ 768ಕ್ಕೂ ಒಟ್ಟಿಗೆ ಜಾಗ ಕೂಡುತ್ತದೆ, ಒಂದು ಕಾಲು ಅಲೆಗೆ, ಇನ್ನೊಂದು ಮುಕ್ಕಾಲು ಅಲೆಗೆ. 512ಕ್ಕೆ ಅಲ್ಲಿ ಜಾಗವಿಲ್ಲ. ಅನುಮಾನ ಬಂದಾಗ ಪೈಪನ್ನು ಇನ್ನೂ ಎತ್ತಿ ಮುಂದಿನ ಜಾಗ ಹುಡುಕಿ: 512 ಆಗಿದ್ದರೆ 34 ಸೆಂ.ಮೀ. ಎತ್ತಿದಾಗ ಅದೇ ಸ್ವರ ಮತ್ತೆ ಏಳುತ್ತದೆ, ನಿಜವಾದ 256ಕ್ಕೆ 68 ಸೆಂ.ಮೀ. ಬೇಕು, ಅಂದರೆ ಒಂದು ಮೀಟರ್ ಪೈಪಿನಲ್ಲಿ ಅದು ಮತ್ತೆ ಏಳುವುದೇ ಇಲ್ಲ.

ಇನ್ನೊಂದು ಗೊಂದಲ. ಸಣ್ಣ ಮೈಕನ್ನು ತಂತಿಗೆ ಕಟ್ಟಿ ಪೈಪಿನೊಳಗೆ ಇಳಿಸಿದರೆ ಸದ್ದು ಅತಿ ಜೋರಾಗಿ ಕೇಳುವುದು ನೀರಿನ ಹತ್ತಿರ, ಅಂದರೆ ನಿಸ್ಪಂದದಲ್ಲಿ. ಪ್ರಯೋಗ ತಪ್ಪಿಲ್ಲ. ಗಾಳಿ ಅಲುಗದ ಜಾಗದಲ್ಲೇ ಒತ್ತಡ ಅತಿ ಹೆಚ್ಚು ಏರಿಳಿಯುತ್ತದೆ, ಮೈಕು ಅಳೆಯುವುದು ಒತ್ತಡವನ್ನು.

ತಮಟೆಯ ಮೇಲೆ ರವೆ

ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿ 2023ರಲ್ಲಿ ಪದ್ಮಶ್ರೀ ಬಂತು. ಆ ವಾದ್ಯ ಈ ಸೀಮೆಯ ಊರೂರಲ್ಲಿ ಇದೆ. ತಮಟೆಯನ್ನು ಎರಡು ಇಟ್ಟಿಗೆಯ ಮೇಲೆ ಸಮನಾಗಿ ಇಟ್ಟು, ಚರ್ಮದ ಕೆಳಗೆ 5 ಸೆಂ.ಮೀ. ಬಿಟ್ಟು ಸ್ಪೀಕರ್ ಇಡಿ. ಮೇಲೆ ಬನ್ಸಿ ರವೆ ತೆಳುವಾಗಿ ಉದುರಿಸಿ 80 ಹರ್ಟ್ಸ್‌ನಿಂದ ಏರಿಸುತ್ತಾ ಹೋಗಿ.

ರಾಗಿ ಹಿಟ್ಟು ಬೇಡ. ದಪ್ಪ ಕಾಳು ಕುಣಿದು ನಿಸ್ಪಂದದ ಗೆರೆಗೆ ಸರಿದು ಕೂರುತ್ತದೆ. ನುಣುಪಾದ ಹಿಟ್ಟನ್ನು ಚರ್ಮದ ಮೇಲಿನ ಗಾಳಿಯ ಸುಳಿಗಳು ಹೊತ್ತೊಯ್ದು ತದ್ವಿರುದ್ಧ ಜಾಗದಲ್ಲಿ, ಪ್ರಸ್ಪಂದದಲ್ಲಿ, ಗುಡ್ಡೆ ಹಾಕುತ್ತವೆ. 1831ರಲ್ಲಿ ಫ್ಯಾರಡೆ ಇದರ ಕಾರಣ ಬಿಡಿಸುವವರೆಗೂ ಇದೊಂದು ಒಗಟಾಗಿತ್ತು. ಎರಡನ್ನೂ ಬೆರೆಸಿ ಹಾಕಿದರೆ ರವೆ ಒಂದು ಕಡೆ, ಹಿಟ್ಟು ಇನ್ನೊಂದು ಕಡೆ ಬೇರ್ಪಡುವುದನ್ನು ನೋಡಬಹುದು.

ಮೊದಲ ಅನುರಣನೆಯಲ್ಲಿ ರವೆಯೆಲ್ಲ ಅಂಚಿಗೆ ಓಡುತ್ತದೆ, ಒಳಗೆ ಗೆರೆ ಇಲ್ಲ. ಅದು 150 ಹರ್ಟ್ಸ್‌ನಲ್ಲಿ ಬಂತು ಎನ್ನಿ. ಮುಂದಿನದು 300ರಲ್ಲಿ ಬರುವುದಿಲ್ಲ. ಸಮನಾದ ಚರ್ಮಕ್ಕೆ ಲೆಕ್ಕ ಹೇಳುವುದು 239ರಲ್ಲಿ ನಡುವೆ ಹಾಯುವ ಒಂದು ಗೆರೆ, 320ರಲ್ಲಿ ಅಡ್ಡಕ್ಕುದ್ದಕ್ಕೆ ಎರಡು, 344ರಲ್ಲಿ ಒಂದು ಉಂಗುರ. 36 ಸೆಂ.ಮೀ. ಅಗಲದ ತಮಟೆಯಲ್ಲಿ ಆ ಉಂಗುರದ ತ್ರಿಜ್ಯ 7.8 ಸೆಂ.ಮೀ. ನಿಮ್ಮ ಅಂಕಿ ಇದಕ್ಕೆ ಪೂರಾ ಕೂಡದಿದ್ದರೆ ಬೇಸರ ಬೇಡ. ಚರ್ಮದ ದಪ್ಪ ಎಲ್ಲ ಕಡೆ ಒಂದೇ ಇಲ್ಲ, ಅದರ ಜೊತೆ ಗಾಳಿಯೂ ಅಲುಗಬೇಕು. ಬೆಂಕಿಗೆ ಕಾಯಿಸಿದ ತಮಟೆ ಆರುತ್ತಾ ಹೋದಂತೆ ಬಿಗಿತ ಇಳಿದು ಆವೃತ್ತಿಯೂ ಜಾರುತ್ತದೆ, ಆದ್ದರಿಂದ ಮೊದಲ ಅಂಕಿಯನ್ನು ಕೊನೆಯಲ್ಲಿ ಇನ್ನೊಮ್ಮೆ ಅಳೆದು ನೋಡಿ.

ಮುಖ್ಯ ಮಾತು ಏನೆಂದರೆ ಅನುರಣನೆಗಳೆಲ್ಲ ಹಾರ್ಮೋನಿಕ್‌ಗಳಲ್ಲ. ಪೂರ್ಣಸಂಖ್ಯೆಯ ಪಟ್ಟಿ ದಾರಕ್ಕೂ ಕೊಳವೆಗೂ ಸಿಕ್ಕ ಭಾಗ್ಯ. ಚರ್ಮಕ್ಕೆ ಅದಿಲ್ಲ, ಅದಕ್ಕೇ ತಮಟೆಯಲ್ಲಿ ಶ್ರುತಿ ಹಿಡಿಯಲು ಬರುವುದಿಲ್ಲ. ಮೃದಂಗದ ನಡುವಿನ ಕಪ್ಪು ಕರಣೆ ಚರ್ಮದ ಭಾರವನ್ನು ಬದಲಾಯಿಸಿ ಆ ಅನುರಣನೆಗಳನ್ನು ಪೂರ್ಣಸಂಖ್ಯೆಗೆ ತಂದು ಕೂರಿಸುತ್ತದೆ ಎಂದು 1920ರಲ್ಲಿ ತೋರಿಸಿದ್ದೂ ರಾಮನ್ ಮತ್ತು ಶಿವಕಾಳಿ ಕುಮಾರ್.

ಗೋಡೆಯ ಪೈಪು ಗುಂಯ್‌ಗುಟ್ಟಿದರೆ

ಸಂಪಿನಿಂದ ಮೇಲಿನ ಟ್ಯಾಂಕಿಗೆ ಹೋಗುವ ಪೈಪು ಮೋಟರ್ ಹಾಕಿದಾಗ ನಡುಗುವುದು ಇದೇ ವಿದ್ಯೆಯ ಮನೆಬಳಕೆಯ ರೂಪ. ಮನೆಯ ಮೋಟರ್ ನಿಮಿಷಕ್ಕೆ ಸುಮಾರು 2,880 ಸುತ್ತು ತಿರುಗಿದರೆ ಅದು ಸೆಕೆಂಡಿಗೆ 48 ಸಲ ಪೈಪನ್ನು ತಳ್ಳುತ್ತದೆ. ಎರಡು ಕ್ಲ್ಯಾಂಪುಗಳ ನಡುವಿನ ಪೈಪಿನ ಸ್ವಂತ ಆವೃತ್ತಿ ಅದರ ಹತ್ತಿರ ಬಂದರೆ ನಡುಕ. ಮೋಟರ್ ಓಡುವಾಗ ಪೈಪಿನುದ್ದಕ್ಕೂ ಬೆರಳ ತುದಿ ಸವರುತ್ತಾ ಹೋಗಿ, ಅತಿ ಹೆಚ್ಚು ಆಡುವ ಜಾಗಕ್ಕೆ ಗುರುತು ಹಾಕಿ. ಹೊಸ ಕ್ಲ್ಯಾಂಪ್ ಅಲ್ಲಿಗೆ ಬರಬೇಕು. ಅಲುಗದೆ ಗಟ್ಟಿಯಾಗಿ ಕಾಣುವ ಜಾಗಕ್ಕೆ ಹೊಡೆದರೆ ಅದು ನಿಸ್ಪಂದ, ಹಿಡಿದರೂ ಒಂದೇ ಬಿಟ್ಟರೂ ಒಂದೇ. ಪೈಪು ದಾರದಂತಲ್ಲ, ತನ್ನ ಗಡಸಿನಿಂದ ಬಾಗಿ ಏಳುತ್ತದೆ, ಹಾಗಾಗಿ ನಡುವೆ ಒಂದು ಕ್ಲ್ಯಾಂಪ್ ಬಂದು ಅಂತರ ಅರ್ಧವಾದರೆ ಆವೃತ್ತಿ ಎರಡಲ್ಲ, ನಾಲ್ಕು ಪಟ್ಟು ಏರುತ್ತದೆ. ಒಂದು ಕ್ಲ್ಯಾಂಪಿನಲ್ಲೇ ಸಾಮಾನ್ಯವಾಗಿ ಕೆಲಸ ಆಗುತ್ತದೆ. ಒಂದಕ್ಕಿಂತ ಹೆಚ್ಚು ಬೇಕಾದರೆ ಸಮ ಅಂತರಕ್ಕೆ ಹೊಡೆಯಬೇಡಿ. ಎಲ್ಲ ತುಂಡುಗಳಿಗೂ ಒಂದೇ ಆವೃತ್ತಿ ಬಂದು ಒಂದು ನಡುಗಿದರೆ ಎಲ್ಲವೂ ನಡುಗುತ್ತವೆ. 90 ಸೆಂ.ಮೀ., 70, 110, ಹೀಗೆ ಹೆಚ್ಚು ಕಡಿಮೆ ಮಾಡಿ ಹೊಡೆದು, ಪೈಪಿಗೂ ಕ್ಲ್ಯಾಂಪಿಗೂ ನಡುವೆ ಹಳೇ ಟ್ಯೂಬಿನ ರಬ್ಬರ್ ಸುತ್ತಿ.